ಎಂಜಿನ್‌ನ ಮುಂಭಾಗದಲ್ಲಿ ಆಯಿಲ್ ಸೋರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಭಾಗದಲ್ಲಿ ಕಾರು, ವ್ಯಾನು, ಟ್ರಾಕ್ಟರು ಇಟ್ಟುಕೊಂಡವರು ಆಯಿಲ್ ಸೋರಿಕೆಯ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಸ್ವತಃ ಪಾನಾ ಹಿಡಿಯುವವರಿಗೂ, ಗ್ಯಾರೇಜಿಗೆ ಬಿಟ್ಟು ಬರುವ ಮೊದಲು ವಿಷಯ ತಿಳಿದುಕೊಳ್ಳಬೇಕು ಎನ್ನುವವರಿಗೂ ಇದು ಉಪಯೋಗಕ್ಕೆ ಬರಬೇಕೆಂಬುದು ಉದ್ದೇಶ.

ಎಂಜಿನ್‌ನ ಮುಂಭಾಗ ಗಾಡಿಯ ಯಾವ ಕಡೆ ಇರುತ್ತದೆ?

ಫ್ಯಾನ್ ಬೆಲ್ಟ್ ಮತ್ತು ಕ್ರ್ಯಾಂಕ್ ಪುಲ್ಲಿ (ಎಂಜಿನ್‌ನ ಮುಖ್ಯ ಶಾಫ್ಟಿನ ತುದಿಯ ಗಾಲಿ) ಇರುವ ತುದಿಯೇ ಎಂಜಿನ್‌ನ ಮುಂಭಾಗ. ಫ್ಲೈವೀಲ್ ಮತ್ತು ಗೇರ್‌ಬಾಕ್ಸ್ ಇರುವ ತುದಿ ಹಿಂಭಾಗ. ಟ್ರಾಕ್ಟರ್ ಮತ್ತು ಜೀಪುಗಳಲ್ಲಿ ಎಂಜಿನ್ ಉದ್ದುದ್ದಕ್ಕೆ ಕೂರುವುದರಿಂದ ಮುಂಭಾಗವು ರೇಡಿಯೇಟರ್‌ಗೆ ಎದುರಾಗಿಯೇ ಇರುತ್ತದೆ. ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುವುದರಿಂದ ಆ ತುದಿ ಮುಂದಿನ ಎರಡು ಚಕ್ರಗಳಲ್ಲಿ ಒಂದರ ಪಕ್ಕಕ್ಕೆ ಬರುತ್ತದೆ. ಹೀಗಾಗಿ ಬಂಪರಿನ ಹಿಂದೆ ಬಾಗಿ ಹುಡುಕುವ ಬದಲು ಬೆಲ್ಟ್ ಇರುವ ಕಡೆಯ ಚಕ್ರವನ್ನು ತಿರುಗಿಸಿ, ಅದರ ಒಳಗಿನ ಪ್ಲಾಸ್ಟಿಕ್ ಮರೆಯನ್ನು ಬಿಚ್ಚಿ ನೋಡಬೇಕು. ಓಮ್ನಿಯಲ್ಲಿ ಎಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ.

ನೆಲದ ಮೇಲೆ ಬಿದ್ದಿರುವುದು ಎಂಜಿನ್ ಆಯಿಲ್ಲೇ ಎಂದು ಹೇಗೆ ತಿಳಿಯುವುದು?

ರಾತ್ರಿ ಗಾಡಿ ನಿಲ್ಲಿಸುವಾಗ ಎಂಜಿನ್‌ನ ಕೆಳಗೆ ಒಂದು ಅಗಲವಾದ ರಟ್ಟನ್ನು ಹಾಸಿ, ಬೆಳಿಗ್ಗೆ ಕಲೆಯನ್ನು ನೋಡಿ. ಎಂಜಿನ್ ಆಯಿಲ್ ಕಂದು ಅಥವಾ ಕಪ್ಪು ಬಣ್ಣದ್ದು. ಬೆರಳುಗಳ ನಡುವೆ ಜಾರುತ್ತದೆ, ಬೇಗ ಒಣಗುವುದಿಲ್ಲ. ಕೂಲೆಂಟ್ ಹಸಿರು, ಕೆಂಪು ಅಥವಾ ಗುಲಾಬಿ ಬಣ್ಣದ್ದಾಗಿದ್ದು, ಸಿಹಿಯಾದ ವಾಸನೆ ಬೀರುತ್ತದೆ, ಒಣಗಿದ ಮೇಲೆ ಬಿಳಿಯ ಅಥವಾ ಬಣ್ಣದ ಪುಡಿಯನ್ನು ಉಳಿಸುತ್ತದೆ. ಅದು ವಿಷವಾದ್ದರಿಂದ ನಾಲಗೆಗೆ ಮುಟ್ಟಿಸಿ ನೋಡುವ ಅಭ್ಯಾಸ ಬೇಡ. ನಾಯಿ, ಬೆಕ್ಕುಗಳು ನೆಕ್ಕದಂತೆಯೂ ತೊಳೆದುಬಿಡಬೇಕು. ಪವರ್ ಸ್ಟೀರಿಂಗ್ ಆಯಿಲ್ ಹಲವು ಗಾಡಿಗಳಲ್ಲಿ ಕೆಂಪಗಿರುತ್ತದೆ, ಅದರ ಪಂಪ್ ಬೆಲ್ಟ್ ಕಡೆಯಲ್ಲೇ ಇರುವುದರಿಂದ ಎಂಜಿನ್ ಆಯಿಲ್ ಎಂದು ಮೋಸ ಹೋಗುವವರು ಹೆಚ್ಚು. ಬಣ್ಣವಿಲ್ಲದ ನೀರಾದರೆ ಅದು ಏಸಿಯದು, ಚಿಂತೆ ಬೇಡ.

ಎಷ್ಟು ಸೋರಿದರೆ ಗಾಡಿ ಓಡಿಸುವುದನ್ನು ನಿಲ್ಲಿಸಬೇಕು?

ಇಪ್ಪತ್ತು ಹನಿ ಸುಮಾರು ಒಂದು ಮಿಲಿಲೀಟರ್ ಎಂದು ಲೆಕ್ಕ ಹಿಡಿದರೆ, ನಿಮಿಷಕ್ಕೊಂದು ಹನಿ ಬಿದ್ದರೂ ದಿನಪೂರ್ತಿ ಸೇರಿ ಎಪ್ಪತ್ತು ಮಿಲಿಲೀಟರ್ ಆಸುಪಾಸಿಗೆ ಬರುತ್ತದೆ. ಹಲವು ಕಾರುಗಳಲ್ಲಿ ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಇರುವ ಅಂತರ ಒಂದು ಲೀಟರ್‌ನಷ್ಟು. ಎಂದರೆ ಅಂತಹ ಸೋರಿಕೆಯಲ್ಲೂ ಎರಡು ವಾರದೊಳಗೆ ಮಟ್ಟ ಕೆಳಗೆರೆಗೆ ಇಳಿಯಬಹುದು. ಎಂಜಿನ್ ಓಡುವಾಗ ಸೋರಿಕೆ ಇದಕ್ಕಿಂತ ಜಾಸ್ತಿ ಇರುತ್ತದೆ ಎಂಬುದನ್ನೂ ಮರೆಯಬಾರದು. ಕೆಲಸ ಮಾಡಿಸುವವರೆಗೆ ವಾರಕ್ಕೆರಡು ಸಲ ಸಮತಟ್ಟಾದ ನೆಲದಲ್ಲಿ, ಎಂಜಿನ್ ನಿಲ್ಲಿಸಿ ಐದು ಹತ್ತು ನಿಮಿಷ ಬಿಟ್ಟು ಮಟ್ಟ ನೋಡುತ್ತಿರಬೇಕು.

ಆದರೆ ಹನಿಯ ಲೆಕ್ಕ ಹಿಡಿಯದೆ ತಕ್ಷಣ ನಿಲ್ಲಿಸಬೇಕಾದ ಸಂದರ್ಭಗಳಿವೆ. ಓಡುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪ ಹೊತ್ತಿದರೆ ಅದು ಆಯಿಲ್ ಒತ್ತಡ ಬಿದ್ದಿದೆ ಎಂಬುದರ ಸೂಚನೆ. ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣ ಎಂದರೆ ಬೇರಿಂಗ್‌ಗಳು ಕಚ್ಚಿಕೊಳ್ಳಬಹುದು. ಸೋರಿದ ಆಯಿಲ್ ಸೈಲೆನ್ಸರ್ ಪೈಪಿನ ಬುಡಕ್ಕೆ ಬಿದ್ದು ಹೊಗೆ ಏಳುತ್ತಿದ್ದರೆ ಬೆಂಕಿಯ ಅಪಾಯವಿದೆ. ಮೂರನೆಯದು ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿನಿಂದ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಹಲ್ಲಿನ ಬೆಲ್ಟ್) ಇರುವ ಎಂಜಿನ್‌ನಲ್ಲಿ ಆ ಬೆಲ್ಟಿಗೇ ಆಯಿಲ್ ಹತ್ತುವುದು. ಆಯಿಲ್ ಕುಡಿದ ರಬ್ಬರ್ ಮೆತ್ತಗಾಗಿ ಹಲ್ಲುಗಳು ಕಿತ್ತುಬರುತ್ತವೆ. ಬೆಲ್ಟ್ ಜಾರಿದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್‌ಗೆ ವಾಲ್ವ್ ಬಡಿದು ಬಾಗುತ್ತದೆ. ಕೆಲವು ನೂರು ರೂಪಾಯಿಯ ಸೀಲನ್ನು (ತಿರುಗುವ ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ) ಉದಾಸೀನ ಮಾಡಿದವರು ಹೆಡ್ ಬಿಚ್ಚಿಸುವ ಖರ್ಚಿಗೆ ಬರುವುದು ಹೀಗೆ. ಮಾರುತಿ 800 ಮತ್ತು ಓಮ್ನಿಯಲ್ಲಿ ಇರುವುದು ಬೆಲ್ಟ್. ನಂತರದ ಕೆ ಸರಣಿಯ ಪೆಟ್ರೋಲ್ ಎಂಜಿನ್‌ಗಳಲ್ಲಿ, 1.3 ಲೀಟರ್ ಮಲ್ಟಿಜೆಟ್ ಡೀಸೆಲ್‌ನಲ್ಲಿ ಇರುವುದು ಚೈನ್. ಚೈನ್‌ಗೆ ಆಯಿಲ್ ಬೇಕೇ ಬೇಕು, ಅಲ್ಲಿ ಈ ಭಯವಿಲ್ಲ.

ಮುಂಭಾಗದಲ್ಲಿ ಯಾವ ಯಾವ ಜಾಗದಿಂದ ಸೋರಬಹುದು?

ಮೇಲಿನಿಂದ ಕೆಳಕ್ಕೆ ನೋಡಿಕೊಂಡು ಬಂದರೆ ಮೊದಲು ಸಿಗುವುದು ಎಂಜಿನ್‌ನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಪ್ಯಾಕಿಂಗ್, ಅದರಲ್ಲೂ ಮುಂದಿನ ಮೂಲೆಗಳು. ಅದರ ಕೆಳಗೆ ಬೆಲ್ಟ್ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಸೀಲ್, ಕೆಲವು ಹೊಸ ಎಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್ ಸೊಲೆನಾಯ್ಡ್‌ನ ಓ ರಿಂಗ್. ನಡುವೆ ಟೈಮಿಂಗ್ ಕವರ್ ಮತ್ತು ಬ್ಲಾಕಿನ ಕೂಡುಜಾಗ; ಆಯಿಲ್ ಪ್ರೆಷರ್ ಸ್ವಿಚ್ಚು, ಆಯಿಲ್ ಫಿಲ್ಟರ್ ಕೆಲವು ಗಾಡಿಗಳಲ್ಲಿ ಇದೇ ಕಡೆ ಬರುತ್ತವೆ. ಕೆಳಗೆ ಕ್ರ್ಯಾಂಕ್ ಪುಲ್ಲಿಯ ಹಿಂದೆ ಮುಂದಿನ ಕ್ರ್ಯಾಂಕ್ ಸೀಲ್, ಎಲ್ಲಕ್ಕಿಂತ ಕೆಳಗೆ ಆಯಿಲ್ ನಿಲ್ಲುವ ತಳದ ಪಾತ್ರೆಯಾದ ಚೇಂಬರಿನ ಪ್ಯಾಕಿಂಗ್. ಎಲ್ಲಿಂದ ಹೊರಟ ಆಯಿಲ್ ಆದರೂ ಕೊನೆಗೆ ಚೇಂಬರಿನ ಅಂಚಿನಿಂದಲೇ ತೊಟ್ಟಿಕ್ಕುವುದರಿಂದ, ಚೇಂಬರ್ ಪ್ಯಾಕಿಂಗ್ ಬದಲಾಯಿಸಿದ ಮೇಲೂ ಸೋರಿಕೆ ನಿಲ್ಲಲಿಲ್ಲ ಎಂಬ ದೂರು ಎಲ್ಲ ಕಡೆಯೂ ಕೇಳಿಬರುತ್ತದೆ.

ನಿಜವಾದ ಜಾಗವನ್ನು ಪತ್ತೆ ಹಚ್ಚುವುದು ಹೇಗೆ?

ತೊಳೆಯದೆ ಹುಡುಕಬಾರದು. ಹೆಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗ ಒಂದು, ಒಡೆದ ಹೆಂಚು ಇರುವ ಜಾಗ ಇನ್ನೊಂದು, ಇಲ್ಲಿಯೂ ಹಾಗೆಯೇ. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೆ ಹರಡುತ್ತದೆ, ತಿರುಗುವ ಪುಲ್ಲಿಯಿಂದ ಸುತ್ತಲೂ ಸಿಡಿಯುತ್ತದೆ. ವರ್ಷಗಳ ಧೂಳು ಅದರ ಮೇಲೆ ಕೂತು ಗಟ್ಟಿಯಾದ ಮೇಲೆ ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳಲು ಯಾವ ಮೇಸ್ತ್ರಿಗೂ ಸಾಧ್ಯವಿಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಆಲ್ಟರ್ನೇಟರ್ ಮತ್ತು ವೈರಿನ ಕನೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಡಿಗ್ರೀಸರ್ ಹಚ್ಚಿ ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆಯುವ ವಾಡಿಕೆ ನಮ್ಮಲ್ಲಿದೆ. ಅದು ಬೆಲ್ಟಿಗೆ ಮತ್ತು ರಬ್ಬರ್ ಪೈಪುಗಳಿಗೆ ಒಳ್ಳೆಯದಲ್ಲ, ಪೂರ್ತಿ ಆರದೆ ಎಂಜಿನ್ ಚಾಲೂ ಮಾಡುವುದಂತೂ ಅಪಾಯಕರ. ಒಣಗಿದ ಮೇಲೆ ಅನುಮಾನವಿರುವ ಕೂಡುಜಾಗಗಳ ಮೇಲೆ ಟಾಲ್ಕಮ್ ಪೌಡರ್ ಅನ್ನು ತೆಳುವಾಗಿ ಉದುರಿಸಿ, ಎಂಜಿನ್ ಚಾಲೂ ಮಾಡಿ ಹತ್ತು ಹದಿನೈದು ನಿಮಿಷ ಬಿಡಿ. ಬಿಳಿ ಪುಡಿಯ ಮೇಲೆ ಮೊದಲು ಮೂಡುವ ಕಂದು ಗೆರೆಯೇ ನಿಮಗೆ ಬೇಕಾದದ್ದು. ಓಡುತ್ತಿರುವ ಬೆಲ್ಟಿನ ಬಳಿ ಕೈ, ಟವೆಲ್ಲು, ಸಡಿಲ ತೋಳು ಹೋಗಕೂಡದು. ಎಂಜಿನ್ ನಿಲ್ಲಿಸಿಯೇ ಟಾರ್ಚು ಮತ್ತು ಸಣ್ಣ ಕನ್ನಡಿ ಹಿಡಿದು ನೋಡಬೇಕು. ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದು ಮತ್ತು ಅತಿ ಮುಂದಿನದು ಯಾವುದೋ ಅಲ್ಲಿಂದ ಅನುಮಾನ ಆರಂಭವಾಗಬೇಕು.

ನಿಂತಲ್ಲಿ ಏನೂ ಕಾಣದಿದ್ದರೆ ಆಯಿಲ್ ಚೆನ್ನಾಗಿ ಕಾದು, ಎಂಜಿನ್ ಮೇಲೆ ಭಾರ ಬೀಳುವಂತೆ ಓಡಿಸಬೇಕಾಗುತ್ತದೆ. ಮೈಸೂರಿನವರಿಗೆ ಇದಕ್ಕೆ ಚಾಮುಂಡಿ ಬೆಟ್ಟದ ರಸ್ತೆಗಿಂತ ಅನುಕೂಲವಾದದ್ದು ಬೇರೆ ಇಲ್ಲ: ಒಮ್ಮೆ ಹತ್ತಿಸಿ, ಮೇಲೆ ವಾಹನ ನಿಲ್ದಾಣದಲ್ಲಿ ಬಾನೆಟ್ ಎತ್ತಿ ನೋಡಿದರೆ ಸಾಕು. ಅದೂ ಫಲಿಸದಿದ್ದಲ್ಲಿ ಆಯಿಲ್‌ಗೆ ಹೊಳೆಯುವ ಬಣ್ಣ ಬೆರೆಸಿ ನೇರಳಾತೀತ ದೀಪದಲ್ಲಿ ನೋಡುವ ವಿಧಾನವಿದೆ.

ಪುಲ್ಲಿಯ ಹಿಂದಿನಿಂದ ಹೊರಟು ಒಂದೇ ಸಮತಲದಲ್ಲಿ, ಬಾನೆಟ್ಟಿನ ಒಳಮೈವರೆಗೂ ಸಿಡಿದ ಗೆರೆ ಕಂಡರೆ ಬಹುತೇಕ ಅದು ಕ್ರ್ಯಾಂಕ್ ಸೀಲ್. ಪುಲ್ಲಿಗಿಂತ ಮೇಲೆ ಒದ್ದೆಯಾಗಿದ್ದು ಸಿಡಿತವಿಲ್ಲದಿದ್ದರೆ ಟ್ಯಾಪೆಟ್ ಅಥವಾ ಟೈಮಿಂಗ್ ಕವರ್.

ಊರೊಳಗೆ ಓಡಿಸುವಾಗ ಏನೂ ಇಲ್ಲ, ಬೆಂಗಳೂರಿಗೆ ಹೋಗಿ ಬಂದರೆ ಮಾತ್ರ ಸೋರುತ್ತದೆ. ಏಕೆ?

ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಎಡೆಬಿಡದೆ ಒಂದೂವರೆ ಗಂಟೆ ವೇಗವಾಗಿ ಓಡಿದಾಗ ಆಯಿಲ್ ಊರೊಳಗಿನ ಓಡಾಟಕ್ಕಿಂತ ಹೆಚ್ಚು ಕಾದು ತೆಳುವಾಗುತ್ತದೆ, ಪಿಸ್ಟನ್ ರಿಂಗ್ ದಾಟಿ ಚೇಂಬರಿಗೆ ಇಳಿಯುವ ಗ್ಯಾಸ್ ಕೂಡ ಹೆಚ್ಚುತ್ತದೆ. ಆ ಗ್ಯಾಸ್ ಬ್ರೀದರ್ ಎಂಬ ಗಾಳಿದಾರಿಯ ಮೂಲಕ ಹೊರಹೋಗಬೇಕು; ದಾರಿ ಕಟ್ಟಿದ್ದರೆ ಒಳಗಿನ ಒತ್ತಡ ಏರಿ, ದುರ್ಬಲವಾದ ಸೀಲಿನ ತುಟಿಯಿಂದ (ಶಾಫ್ಟಿಗೆ ಒತ್ತಿ ಕೂರುವ ಒಳ ಅಂಚು) ಆಯಿಲ್ ಅನ್ನು ಹೊರತಳ್ಳುತ್ತದೆ. ಹಾಗಾಗಿ ಹೆದ್ದಾರಿಯಲ್ಲಿ ಮಾತ್ರ ಸೋರುವ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಬ್ರೀದರ್.

ಸೀಲ್ ಬದಲಾಯಿಸಿ ತಿಂಗಳಾಗಲಿಲ್ಲ, ಮತ್ತೆ ಸೋರುತ್ತಿದೆ. ಸೀಲ್ ನಕಲಿಯೇ?

ಇರಬಹುದು, ಆದರೆ ಸೀಲನ್ನು ದೂರುವ ಮೊದಲು ಅದು ಏಕೆ ಕೆಟ್ಟಿತು ಎಂದು ಕೇಳಬೇಕು, ಬಹಳ ಗ್ಯಾರೇಜುಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದೇ.

ಮೊದಲ ಅನುಮಾನ ಮೇಲೆ ಹೇಳಿದ ಬ್ರೀದರ್. ಎಂಜಿನ್ ನಿಧಾನಗತಿಯಲ್ಲಿ ಓಡುವಾಗ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ, ಬಾಯಿಯ ಮೇಲೆ ಬೋರಲು ಇಡಿ. ಮುಚ್ಚಳ ಕುಣಿದು ಕುಣಿದು ಬೀಳುವಷ್ಟು ಗಾಳಿ ಬಂದರೆ ಬ್ರೀದರ್ ಪೈಪು ಅಥವಾ ಆ ದಾರಿಯಲ್ಲಿರುವ ಪಿಸಿವಿ ವಾಲ್ವ್ ಕಟ್ಟಿದೆ, ಇಲ್ಲವೇ ರಿಂಗ್‌ಗಳು ಸವೆದಿವೆ. ಪೈಪು ಬಿಚ್ಚಿ ಊದಿದರೆ ಮೊದಲನೆಯದು ಗೊತ್ತಾಗುತ್ತದೆ. ಎರಡನೆಯದಾದರೆ ಎಷ್ಟು ಸೀಲ್ ಹಾಕಿದರೂ ಅಷ್ಟೇ. ಡೀಸೆಲ್ ಎಂಜಿನ್‌ನಲ್ಲಿ ಸ್ವಲ್ಪ ಗಾಳಿ ಬರುವುದು ಸಹಜ. ಪಕ್ಕದ ಇನ್ನೊಂದು ಅದೇ ಮಾದರಿಯ ಗಾಡಿಯೊಡನೆ ಹೋಲಿಸಿದರೆ ತೀರ್ಮಾನ ಸುಲಭ.

ಎರಡನೆಯ ಕಾರಣ ಶಾಫ್ಟಿನ ಮೇಲೆ ತುಟಿ ಉಜ್ಜುವ ಜಾಗದಲ್ಲಿ ಬಿದ್ದ ತೋಡು. ವರ್ಷಗಟ್ಟಲೆ ಒಂದೇ ಗೆರೆಯ ಮೇಲೆ ರಬ್ಬರ್ ಮತ್ತು ಧೂಳು ಉಜ್ಜಿ ಉಜ್ಜಿ ಉಕ್ಕೇ ಸವೆದಿರುತ್ತದೆ. ಒರೆಸಿ, ಉಗುರನ್ನು ಅಡ್ಡಲಾಗಿ ಎಳೆದು ನೋಡಿ: ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಅಲ್ಲಿ ನಿಲ್ಲುವುದಿಲ್ಲ. ತೆಳುವಾದ ಲೋಹದ ರಿಪೇರಿ ತೋಳನ್ನು (ಸ್ಲೀವ್) ಶಾಫ್ಟಿನ ಮೇಲೆ ಕೂರಿಸಬಹುದು, ಅಥವಾ ಸೀಲ್ ಕೂರುವ ಗೂಡಿನಲ್ಲಿ ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಬೇರೆ ಆಳದಲ್ಲಿ ಕೂರಿಸಿ ತುಟಿ ಹೊಸ ಜಾಗಕ್ಕೆ ಬರುವಂತೆ ಮಾಡಬಹುದು; ತುಟಿ ಪುಲ್ಲಿಯ ಕುತ್ತಿಗೆಯ ಮೇಲೆ ಕೂರುವ ಎಂಜಿನ್‌ಗಳಲ್ಲಿ ಪುಲ್ಲಿಯನ್ನೇ ಬದಲಾಯಿಸಬಹುದು. ಎಮರಿ ಪೇಪರ್‌ನಿಂದ ಉದ್ದಕ್ಕೆ ಉಜ್ಜಿ ಗೆರೆ ಎಳೆಯುವುದು ಮಾತ್ರ ಆಯಿಲ್‌ಗೆ ದಾರಿ ಕಡಿದುಕೊಟ್ಟ ಹಾಗೆ.

ಪುಲ್ಲಿ ಓಲಾಡುವುದು ಮೂರನೆಯದು. ಬೋಲ್ಟ್ ಸರಿಯಾಗಿ ಬಿಗಿಯದೆ ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಕೀ ಮತ್ತು ಅದರ ತೋಡು ಸವೆದಿದ್ದರೆ, ಅಥವಾ ಪುಲ್ಲಿಯ ಎರಡು ಬಳೆಗಳ ನಡುವಿನ ರಬ್ಬರ್ ಬಿಟ್ಟುಕೊಂಡಿದ್ದರೆ, ಎಂಜಿನ್ ಓಡುವಾಗ ಪಕ್ಕದಿಂದ ನೋಡಿದರೇ ಅಲುಗಾಟ ಕಣ್ಣಿಗೆ ಕಾಣುತ್ತದೆ. ಇನ್ನು ಆಯಿಲ್ ಅನ್ನು ಮೇಲ್ಗೆರೆಗಿಂತ ಬಹಳ ಹೆಚ್ಚು ತುಂಬಿರುವುದು, ಸೀಲನ್ನು ಸೊಟ್ಟಗೆ ಬಡಿದಿರುವುದು, ಒಳಗಿನ ಸ್ಪ್ರಿಂಗ್ ಬಡಿತಕ್ಕೆ ಹಾರಿಹೋಗಿರುವುದು ಇವೂ ಉಂಟು.

ಮುಂದಿನ ಕ್ರ್ಯಾಂಕ್ ಸೀಲನ್ನು ಬದಲಾಯಿಸುವ ಕ್ರಮ ಯಾವುದು?

ಬ್ಯಾಟರಿಯ ನೆಗೆಟಿವ್ ಕಳಚಿ, ಗಾಡಿಯನ್ನು ಜಾಕಿಯಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕಿಯನ್ನೋ ಇಟ್ಟಿಗೆಯನ್ನೋ ನಂಬಿ ಕೆಳಗೆ ನುಸುಳಬಾರದು. ಚಕ್ರ, ಮರೆ, ಬೆಲ್ಟ್ ತೆಗೆದ ಮೇಲೆ ಎದುರಾಗುವ ಪುಲ್ಲಿ ಬೋಲ್ಟೇ ಇಡೀ ಕೆಲಸದ ಕಷ್ಟದ ಭಾಗ. ಗಾಡಿಗೆ ತಕ್ಕಂತೆ ಅದನ್ನು 100ರಿಂದ 200 ನ್ಯೂಟನ್ ಮೀಟರ್‌ವರೆಗೆ, ಕೆಲವೆಡೆ ಅದಕ್ಕಿಂತಲೂ ಹೆಚ್ಚು ಬಿಗಿದಿರುತ್ತಾರೆ. ಪುಲ್ಲಿಯನ್ನು ಹಿಡಿಯುವ ಉಪಕರಣ ಮತ್ತು ಉದ್ದ ಹಿಡಿಯ ಪಾನಾ, ಅಥವಾ ಇಂಪ್ಯಾಕ್ಟ್ ಗನ್ ಬೇಕು. ಪಾನಾವನ್ನು ನೆಲಕ್ಕೆ ಆನಿಸಿ ಸೆಲ್ಫ್ ಹೊಡೆದು ಬೋಲ್ಟ್ ಬಿಚ್ಚುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಪಾನಾ ಜಾರಿದರೆ ಕೈ ಮುರಿಯುತ್ತದೆ.

ಪುಲ್ಲಿಯನ್ನು ಎಳೆಯುವಾಗ ಪುಲ್ಲರ್‌ನ ಕಾಲುಗಳನ್ನು ಹೊರಬಳೆಗೆ ಸಿಕ್ಕಿಸಿದರೆ ನಡುವಿನ ರಬ್ಬರ್ ಕಿತ್ತುಬರುತ್ತದೆ, ಆದ್ದರಿಂದ ನಡುವಿನ ಗುಬ್ಬದಲ್ಲಿರುವ ತೂತುಗಳಿಗೆ ಬೋಲ್ಟ್ ಹಾಕಿ ಎಳೆಯಬೇಕು. ಬೆಲ್ಟ್ ಎಂಜಿನ್‌ನಲ್ಲಿ ಮುಂದುವರಿಯುವ ಮೊದಲು ಟೈಮಿಂಗ್ ಗುರುತುಗಳನ್ನು ಹೊಂದಿಸಿ, ಬಣ್ಣದಲ್ಲಿ ಚುಕ್ಕೆ ಇಟ್ಟು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಅಷ್ಟು ಬಿಚ್ಚಿದ ಮೇಲೆ ಆಯಿಲ್ ಹತ್ತಿದ ಹಳೆಯ ಬೆಲ್ಟನ್ನೇ ಮತ್ತೆ ಹಾಕುವುದು ಜಿಪುಣತನ. ಬೆಲ್ಟ್, ಟೆನ್ಷನರ್, ಕ್ಯಾಮ್ ಸೀಲ್ ಒಟ್ಟಿಗೇ ಬದಲಾಗಲಿ.

ಹಳೆಯ ಸೀಲಿನ ಲೋಹದ ಬಳೆಗೆ ಸಣ್ಣ ಸ್ಕ್ರೂ ತಿರುಗಿಸಿ, ಆ ಸ್ಕ್ರೂವನ್ನು ಪಕ್ಕಡಿನಲ್ಲಿ ಹಿಡಿದು ಎಳೆಯುವುದು ಸುರಕ್ಷಿತ. ಸ್ಕ್ರೂಡ್ರೈವರ್‌ನಿಂದ ಮೀಟುವವರು ಅದರ ತುದಿಗೆ ಟೇಪು ಸುತ್ತಿಕೊಳ್ಳಬೇಕು, ಏಕೆಂದರೆ ಶಾಫ್ಟಿನ ಮೇಲೆ ಬೀಳುವ ಒಂದು ಗೀರು ಹೊಸ ಸೀಲನ್ನೂ ಕೆಡಿಸುತ್ತದೆ. ಹೊಸದನ್ನು ಸ್ಪ್ರಿಂಗ್ ಕಾಣುವ ಮುಖ ಎಂಜಿನ್‌ನ ಒಳಕ್ಕೆ ಬರುವಂತೆ ಹಿಡಿದು, ತುಟಿಗೆ ತೆಳುವಾಗಿ ಆಯಿಲ್ ಸವರಿ, ಹೊರಬಳೆಯಷ್ಟೇ ಅಗಲದ ಸಾಕೆಟ್ ಅಥವಾ ಪೈಪ್ ತುಂಡಿನಿಂದ ಸುತ್ತಲೂ ಸಮನಾಗಿ ತಟ್ಟಬೇಕು. ಟೆಫ್ಲಾನ್ ತುಟಿಯ ಸೀಲುಗಳಿಗೆ ಮಾತ್ರ ಆಯಿಲ್ ಸವರಬಾರದು. ಅವನ್ನು ಒಣದಾಗಿಯೇ, ಜೊತೆಗೆ ಬರುವ ಪ್ಲಾಸ್ಟಿಕ್ ತೋಳಿನ ಮೂಲಕ ಕೂರಿಸಬೇಕು. ಕೊನೆಗೆ ಪುಲ್ಲಿ ಬೋಲ್ಟನ್ನು ಕೈಪಿಡಿಯ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಒಮ್ಮೆ ಬಳಸಿ ಬಿಸಾಡುವ ಬೋಲ್ಟ್ ಎಂದು ಕೈಪಿಡಿ ಹೇಳಿದ್ದರೆ ಹೊಸದನ್ನೇ ಹಾಕಬೇಕು.

ಬಿಡಿಭಾಗದ ಅಂಗಡಿಯಲ್ಲಿ ಸರಿಯಾದ ಸೀಲ್ ಕೇಳುವುದು ಹೇಗೆ?

ಸೀಲಿನ ಮುಖದ ಮೇಲೆ ಸಾಮಾನ್ಯವಾಗಿ ಮೂರು ಅಂಕಿಗಳು ಅಚ್ಚಾಗಿರುತ್ತವೆ. 35 50 8 ಎಂದಿದ್ದರೆ ಒಳಸುತ್ತಿನ ಅಡ್ಡಳತೆ 35, ಹೊರಸುತ್ತಿನದು 50, ದಪ್ಪ 8 ಮಿಲಿಮೀಟರ್ ಎಂದು ಅರ್ಥ. ಹಳೆಯ ಸೀಲನ್ನು ಒರೆಸಿ ಜೊತೆಗೇ ಒಯ್ಯಿರಿ. ಅಳತೆ ಒಂದೇ ಆದರೂ ರಬ್ಬರಿನ ಜಾತಿ ಬೇರೆಯಾಗಬಹುದು: ನೈಟ್ರೈಲ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಚೆನ್ನಾಗಿ ಬಾಳುತ್ತದೆ, ವೈಟಾನ್ 200 ಡಿಗ್ರಿಯ ಹತ್ತಿರದ ಶಾಖವನ್ನೂ ತಾಳುತ್ತದೆ. ತುಟಿಯ ಮೇಲಿನ ಓರೆಗೆರೆಗಳು ಶಾಫ್ಟ್ ತಿರುಗುವ ದಿಕ್ಕಿಗೆ ತಕ್ಕಂತೆ ಇರುವುದರಿಂದ, ಬಾಣದ ಗುರುತಿದ್ದರೆ ಅದನ್ನೂ ನೋಡಿ.

ಟೈಮಿಂಗ್ ಕವರ್ ಕೂಡುಜಾಗ ಸೋರಿದರೆ ಹೊರಗಿನಿಂದಲೇ ಪೇಸ್ಟ್ ಹಚ್ಚಬಹುದೇ?

ಹಚ್ಚಬಹುದು, ನಿಲ್ಲುವುದಿಲ್ಲ. ಆಯಿಲ್ ಒಳಗಿನಿಂದ ತಳ್ಳುವಾಗ ಹೊರಗೆ ಮೆತ್ತಿದ ಸಿಲಿಕೋನ್ ಪದರ ಹಾಗೆಯೇ ಎದ್ದುಬರುತ್ತದೆ. ಕವರ್ ಬಿಚ್ಚಿ, ಹಳೆಯ ಪೇಸ್ಟನ್ನು ಪ್ಲಾಸ್ಟಿಕ್ ಕೆರೆಯುವ ತುಂಡಿನಿಂದ ತೆಗೆದು, ಬ್ರೇಕ್ ಕ್ಲೀನರ್‌ನಿಂದ ಎರಡೂ ಮೈಗಳನ್ನು ಒಣದಾಗಿ ಒರೆಸಿ, ಬೋಲ್ಟ್ ತೂತುಗಳ ಒಳಬದಿಗೆ ಬರುವಂತೆ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಒಂದೇ ಎಳೆಯನ್ನು ಎಳೆದು, ಪದರಗಟ್ಟುವ ಮೊದಲೇ ಕವರ್ ಕೂರಿಸಬೇಕು. ಹೆಚ್ಚು ಹಚ್ಚಿದರೆ ಒಳಗೆ ಹಿಂಡಿದ ಪೇಸ್ಟ್ ತುಂಡಾಗಿ ಆಯಿಲ್ ಪಂಪಿನ ಜಾಲರಿಯನ್ನು ಕಟ್ಟುತ್ತದೆ. ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ ಕಳೆದುಕೊಳ್ಳುವ ದಾರಿ ಅದು. ಆಯಿಲ್ ತುಂಬುವ ಮೊದಲು ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಬೇಕು, ಹಲವು ಪೇಸ್ಟ್‌ಗಳಿಗೆ ಪೂರ್ತಿ ಗಟ್ಟಿಯಾಗಲು ಒಂದು ದಿನ ಹಿಡಿಯುತ್ತದೆ.

ಟ್ಯಾಪೆಟ್ ಕವರ್ ಬೋಲ್ಟ್‌ಗಳನ್ನು ಇನ್ನಷ್ಟು ಬಿಗಿದರೆ ಸಾಲದೇ?

ಸಾಲದು. ಆ ಬೋಲ್ಟ್‌ಗಳ ಬಿಗಿತ ಹಲವು ಎಂಜಿನ್‌ಗಳಲ್ಲಿ 10 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಹೆಚ್ಚು ಬಿಗಿದರೆ ಕವರ್ ಸೊಟ್ಟಗಾಗುತ್ತದೆ ಅಥವಾ ಅಲ್ಯೂಮಿನಿಯಂನಲ್ಲಿ ಕೊರೆದ ತಿರುಪಿನ ಸುತ್ತು ಕಿತ್ತುಹೋಗುತ್ತದೆ. ಪ್ಯಾಕಿಂಗ್ ಗಟ್ಟಿಯಾಗಿದ್ದರೆ ಬದಲಾಯಿಸಿ.

ದಪ್ಪ ಆಯಿಲ್ ಅಥವಾ ಸೋರಿಕೆ ನಿಲ್ಲಿಸುವ ದ್ರವ ಹಾಕಿದರೆ ಹೇಗೆ?

ಆ ದ್ರವಗಳು ಒಣಗಿದ ರಬ್ಬರನ್ನು ತುಸು ಉಬ್ಬಿಸುತ್ತವೆ, ಹಾಗಾಗಿ ಸಣ್ಣ ಜಿನುಗು ಕೆಲಕಾಲ ಕಡಿಮೆಯಾಗಬಹುದು. ಹರಿದ ತುಟಿಗೆ, ಸವೆದ ಶಾಫ್ಟಿಗೆ, ಪೇಸ್ಟ್ ಬಿಟ್ಟ ಕೂಡುಜಾಗಕ್ಕೆ ಅವು ಏನೂ ಮಾಡಲಾರವು. ತೆಳುವಾದ 5ಡಬ್ಲ್ಯೂ30 ಆಯಿಲ್ ಬೇಕೆನ್ನುವ ಎಂಜಿನ್‌ಗೆ ದಪ್ಪನೆಯ 20ಡಬ್ಲ್ಯೂ50 ಹಾಕಿದರೆ ಬೆಳಗಿನ ಚಾಲೂ ಹೊತ್ತಿನಲ್ಲಿ ಮೇಲಿನ ಭಾಗಗಳಿಗೆ ಆಯಿಲ್ ತಲುಪುವುದು ತಡವಾಗುತ್ತದೆ.

ಟ್ರಾಕ್ಟರ್‌ಗಳಲ್ಲಿ ಬೇರೆ ಏನನ್ನು ಗಮನಿಸಬೇಕು?

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಒಂದೇ ಟ್ರಾಕ್ಟರ್ ಗದ್ದೆಯ ಕೆಸರನ್ನೂ ಕಬ್ಬಿನ ಸಾಗಣೆಯನ್ನೂ ನೋಡುತ್ತದೆ. ಪುಲ್ಲಿಯವರೆಗೆ ಎರಚಿದ ಕೆಸರು ಒಣಗಿ ತುಟಿಯನ್ನು ತೇಯುತ್ತದೆ. ಭತ್ತದ ಹುಲ್ಲು, ಕಬ್ಬಿನ ತರಗು, ಗೊಬ್ಬರದ ಚೀಲದ ದಾರ ಪುಲ್ಲಿಯ ಹಿಂದೆ ಸುತ್ತಿಕೊಂಡು ಸೀಲಿನೊಳಕ್ಕೆ ನುಗ್ಗುವುದೂ ಉಂಟು. ಹಂಗಾಮು ಮುಗಿದ ಮೇಲೆ ಪುಲ್ಲಿಯ ಹಿಂಬದಿಯನ್ನು ಕೊಕ್ಕೆಯಿಂದ ಬಿಡಿಸಿ ನೋಡಬೇಕು. ಹಲವು ಟ್ರಾಕ್ಟರ್‌ಗಳ ಬ್ರೀದರ್ ಕೆಳಮುಖವಾದ ತೆರೆದ ಪೈಪು. ಅದರ ಬಾಯಿಗೆ ಕೆಸರು ಮೆತ್ತಿರಬಹುದು, ನಿಂತ ಗಾಡಿಯಾದರೆ ಕಣಜ ಮಣ್ಣಿನ ಗೂಡು ಕಟ್ಟಿರಬಹುದು.

ಸೋರುತ್ತಿದ್ದರೂ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯದೆ ಏರುತ್ತಿದ್ದರೆ ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳಬಾರದು. ಟೈಮಿಂಗ್ ಗೇರಿನಿಂದ ಓಡುವ ಡೀಸೆಲ್ ಪಂಪಿನ ಅಥವಾ ಹೈಡ್ರಾಲಿಕ್ ಪಂಪಿನ ಸೀಲ್ ಹೋಗಿ, ಡೀಸೆಲ್ಲೋ ಹೈಡ್ರಾಲಿಕ್ ಆಯಿಲ್ಲೋ ಚೇಂಬರಿಗೆ ಸೇರುತ್ತಿರಬಹುದು. ಡಿಪ್‌ಸ್ಟಿಕ್ ಮೂಸಿದಾಗ ಡೀಸೆಲ್ ವಾಸನೆ ಬಂದರೆ ಎಂಜಿನ್ ಚಾಲೂ ಮಾಡಲೇಬಾರದು, ಏಕೆಂದರೆ ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ಕಾಯುವುದಿಲ್ಲ. ಇನ್ನೊಂದು ಮಾತು: ವಿಶ್ವೇಶ್ವರಯ್ಯ ನಾಲೆಗೆ ಟ್ರಾಕ್ಟರ್ ಇಳಿಸಿ ಆಯಿಲ್ ಹತ್ತಿದ ಎಂಜಿನ್ ತೊಳೆಯುವವರು, ಆ ನೀರು ಕೆಳಗಿನ ಗದ್ದೆಗಳಿಗೇ ಹೋಗುತ್ತದೆ ಎಂಬುದನ್ನು ನೆನಪಿಡಲಿ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ಹಿಡಿದು, ಪರವಾನಗಿ ಇರುವ ಮರುಸಂಸ್ಕರಣೆಯವರಿಗೆ ತಲುಪಿಸುವ ಗ್ಯಾರೇಜಿಗೆ ಕೊಡಬೇಕು.

ಗ್ಯಾರೇಜಿಗೆ ಬಿಡುವಾಗ ಏನು ಕೇಳಬೇಕು?

"ಮೇಸ್ತ್ರಿಯವರೇ, ತೊಳೆದು ನೋಡಿದಿರಾ, ಎಲ್ಲಿಂದ ಬರುತ್ತಿದೆ, ಸ್ವಲ್ಪ ತೋರಿಸಿ" ಎಂದು ಕೇಳಿ. ತೋರಿಸಿದ ಮೇಲೆ ಕೆಲಸಕ್ಕೆ ಒಪ್ಪಿಗೆ ಕೊಡಿ. ಕೂಲಿ ಸೀಲಿನ ಬೆಲೆಯ ಹಲವು ಪಟ್ಟು ಆಗುವುದರಿಂದ ಬ್ರೀದರ್ ನೋಡಿದ್ದಾರೆಯೇ, ಶಾಫ್ಟ್ ಸವೆದಿದೆಯೇ ಎಂಬುದನ್ನೂ ಬಿಚ್ಚಿರುವಾಗಲೇ ಕೇಳಿಕೊಳ್ಳುವುದು ಲಾಭ. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.

ನನ್ನದು ಹಳೆಯ ಯೆಜ್ಡಿ ಬೈಕು. ಇದೆಲ್ಲ ಅದಕ್ಕೂ ಅನ್ವಯಿಸುತ್ತದೆಯೇ?

ಮೈಸೂರಿನಲ್ಲಿ ಈ ಪ್ರಶ್ನೆ ಬರದಿದ್ದರೆ ಆಶ್ಚರ್ಯ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಗಾಡಿಗಳು ಊರಿನ ಬೀದಿಗಳಲ್ಲಿ ಇನ್ನೂ ಓಡುತ್ತಿವೆ. ಅವು ಟೂ ಸ್ಟ್ರೋಕ್ ಆದ್ದರಿಂದ ಕ್ರ್ಯಾಂಕಿನ ಕೋಣೆಯಲ್ಲಿ ಆಯಿಲ್ ನಿಲ್ಲುವುದಿಲ್ಲ, ಪೆಟ್ರೋಲಿನಲ್ಲಿ ಬೆರೆಸಿದ ಟೂಟಿ ಆಯಿಲ್ಲೇ ಎಲ್ಲ. ಅಲ್ಲಿ ಸೀಲ್ ಕೆಟ್ಟರೆ ಆಯಿಲ್ ಹೊರಗೆ ಸೋರುವುದಕ್ಕಿಂತ ಒಳಕ್ಕೆ ಹೋಗುವುದೇ ಹೆಚ್ಚು: ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹರಿದರೆ ಪಿಸ್ಟನ್ ಏರುವಾಗಿನ ಎಳೆತಕ್ಕೆ ಗೇರ್ ಆಯಿಲ್ ಕ್ರ್ಯಾಂಕ್ ಕೋಣೆಗೆ ಸೇರಿ ಸುಡುತ್ತದೆ. ನೆಲದ ಮೇಲೆ ಒಂದು ಹನಿಯೂ ಇಲ್ಲದೆ ಗೇರ್ ಆಯಿಲ್ ಕಡಿಮೆಯಾಗುತ್ತಿದ್ದು, ಗಾಡಿ ಕಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಆ ಸೀಲನ್ನು ಅನುಮಾನಿಸಿ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಹೊಗೆ ಇರುವುದಿಲ್ಲ. ಅಲ್ಲಿಂದ ಗಾಳಿ ಎಳೆದುಕೊಂಡು, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಏರುಗತಿಯಲ್ಲೇ ಕೂಗುತ್ತಿರುತ್ತದೆ.